ಹದಿನಾಲ್ಕನೇ ಗೇಮ್

ಒಂದು ಟೆನಿಸ್ ಮ್ಯಾಚ್ ಎಷ್ಟು ಗೇಮ್‌ಗೆ ಮುಗಿಯುತ್ತದೆ ಎಂದು ಮೊದಲ ಚೆಂಡು ಮೇಲೇಳುವ ಮುಂಚೆಯೇ ಗೊತ್ತಾಗಿಬಿಟ್ಟರೆ ಏನಾಗುತ್ತದೆ? ಮೊದಲು ಎಲ್ಲರಿಗೂ ಅನುಕೂಲವಾಗುತ್ತದೆ. ಆಮೇಲೆ ಒಬ್ಬರಿಗೂ ಕೂತಲ್ಲಿ ಕೂರಲು ಆಗುವುದಿಲ್ಲ. ಇದನ್ನು ನಾನು ಕೋರ್ಟಿನ ಗೆರೆಗಳ ಒಳಗೆ ನಿಂತು ಕಂಡವಳು.

ಹಾಗೆ ಮೊದಲೇ ಹೇಳುವ ಯಂತ್ರಕ್ಕೆ ಅದರ ಕಂಪನಿಯವರು ಇಟ್ಟ ಹೆಸರು ನಾಲಿಗೆ ಹೊರಳದಷ್ಟು ಉದ್ದವಾಗಿತ್ತು. ಧಾರವಾಡದ ಜನ ಅದನ್ನು ಪಂಚಾಂಗ ಅಂದರು, ಆ ಹೆಸರೇ ನಿಂತಿತು. ಅದು ಬಂದ ಎರಡೇ ವರ್ಷದಲ್ಲಿ ನಮ್ಮೂರಿನ ಟೂರ್ನಮೆಂಟಿನ ಚಹರೆ ಬದಲಾಯಿತು. ಹೊರಗಿನ ಮಿರ್ಚಿ ಭಜಿಯವನು ಇನ್ನು ನಾಲ್ಕು ಗೇಮ್ ಇದೆ ಅನ್ನುವಾಗ ಎಣ್ಣೆ ಕಾಯಲು ಇಡುತ್ತಿದ್ದ. ಆಟೋದವರು ಕೊನೆಯ ಗೇಮಿಗೆ ಸರಿಯಾಗಿ ಬಂದು ಸಾಲು ಹಚ್ಚುತ್ತಿದ್ದರು. ದೊಡ್ಡ ಸಂಖ್ಯೆ ಕಂಡರೆ ಜನ ಛತ್ರಿ, ಬುತ್ತಿ ಬಿಚ್ಚಿ ಕೂರುತ್ತಿದ್ದರು. ಸಣ್ಣ ಸಂಖ್ಯೆಯ ಮ್ಯಾಚನ್ನು ಹಾಯ್ದು ಹೋಗುವಾಗ ಇಣುಕಿ ನೋಡುತ್ತಿದ್ದರು. ಮಾಳಮಡ್ಡಿ ಓಣಿಯ ಹಿರಿಯರೊಬ್ಬರು ತಮ್ಮ ಹೊಲದ ದಾವೆ ಇನ್ನೆಷ್ಟು ತಾರೀಖಿಗೆ ಮುಗಿಯುತ್ತದೆ ಎಂದು ಕೇಳಲು ಯಂತ್ರ ಇಟ್ಟಿದ್ದ ಕಂಟ್ರೋಲ್ ರೂಮಿಗೇ ಬಂದಿದ್ದರು. ಯಂತ್ರಕ್ಕೆ ಅಷ್ಟು ದೊಡ್ಡ ಸಂಖ್ಯೆ ಬರುವುದಿಲ್ಲ ಎಂದು ಹೇಳಿ ಕಳಿಸಿದರಂತೆ.

ಟೆನಿಸ್ ಗೊತ್ತಿಲ್ಲದವರಿಗೆ ನಾಲ್ಕೇ ಮಾತು. ಆರು ಗೇಮ್ ಗೆದ್ದವರಿಗೆ ಒಂದು ಸೆಟ್, ಆದರೆ ಎದುರಾಳಿಗಿಂತ ಎರಡು ಹೆಚ್ಚಿರಬೇಕು. ಆರು-ಆರು ಸಮ ಬಂದರೆ ಟೈಬ್ರೇಕ್ ಎಂಬ ಒಂದೇ ಗೇಮ್ ಆಡಿಸಿ ಸೆಟ್ ಮುಗಿಸುತ್ತಾರೆ. ಹೀಗಾಗಿ ಒಂದು ಸೆಟ್ಟಿನಲ್ಲಿ ಹದಿಮೂರಕ್ಕಿಂತ ಹೆಚ್ಚು ಗೇಮ್ ಇರಲು ಸಾಧ್ಯವಿಲ್ಲ. ಎರಡು ಸೆಟ್ ಗೆದ್ದವರಿಗೆ ಮ್ಯಾಚ್. ಅಂದರೆ ನಮ್ಮ ಮ್ಯಾಚು ಹನ್ನೆರಡು ಗೇಮಿಗಿಂತ ಬೇಗ ಮುಗಿಯುವುದಿಲ್ಲ, ಮೂವತ್ತೊಂಬತ್ತನ್ನು ದಾಟುವುದಿಲ್ಲ.

ಹಿಂದೆಲ್ಲ ಲೆಕ್ಕಿಗರು ಇದನ್ನು ಅಂದಾಜಿನಲ್ಲಿ ಹೇಳುತ್ತಿದ್ದರು. ಇಪ್ಪತ್ತೆರಡು, ಹೆಚ್ಚು ಕಡಿಮೆ. ಹೆಚ್ಚು ಕಡಿಮೆ ಅಂದರೆ ಎಂಟು ಆಚೆ, ಎಂಟು ಈಚೆ. ಪಂಚಾಂಗ ಹಾಗಲ್ಲ. ಮ್ಯಾಚಿನ ದಿನ ಬೆಳಗಿನ ಅಭ್ಯಾಸದಲ್ಲಿ ಇಬ್ಬರ ರ‍್ಯಾಕೆಟ್ ಹಿಡಿಕೆಗೊಂದು, ಬೂಟಿನೊಳಗೊಂದು, ಎದೆಗೊಂದು ತೆಳು ಪಟ್ಟಿ ಅಂಟಿಸುತ್ತಾರೆ. ಹಿಡಿತದ ಬಿಗಿ, ಹೆಜ್ಜೆಯ ಭಾರ, ಉಸಿರು ಎಲ್ಲ ಯಂತ್ರಕ್ಕೆ ಹೋಗುತ್ತದೆ. ಇವತ್ತಿನ ಮೈಯಲ್ಲಿ ಈಕೆ ತನ್ನ ಸರ್ವಿನಲ್ಲಿ, ಅಂದರೆ ಚೆಂಡನ್ನು ತಾನೇ ಮೊದಲು ಹೊಡೆಯುವ ಗೇಮಿನಲ್ಲಿ, ನೂರಕ್ಕೆ ಎಷ್ಟು ಪಾಯಿಂಟ್ ಗೆಲ್ಲಬಲ್ಲಳು, ಆಕೆ ಎಷ್ಟು ಎಂದು ಅದು ತೂಗಿ ನೋಡುತ್ತದೆ. ಪಾಯಿಂಟಿನಲ್ಲಿ ಇರುವ ಚೂರು ವ್ಯತ್ಯಾಸ ಗೇಮಿನಲ್ಲಿ ದೊಡ್ಡದಾಗುತ್ತದೆ, ಸೆಟ್ಟಿನಲ್ಲಿ ಇನ್ನೂ ದೊಡ್ಡದಾಗುತ್ತದೆ, ಪಾತ್ರೆ ಹಾಲಿಗೆ ಒಂದು ಚಮಚ ಹೆಪ್ಪು ಸಾಕಾದ ಹಾಗೆ. ಅದೇ ಮ್ಯಾಚನ್ನು ಯಂತ್ರ ತನ್ನ ಹೊಟ್ಟೆಯೊಳಗೆ ಲಕ್ಷಾಂತರ ಸಲ ಆಡಿ ಕೊನೆಗೆ ಒಂದೇ ಸಂಖ್ಯೆ ಉಗುಳುತ್ತದೆ. ಹತ್ತರಲ್ಲಿ ಒಂಬತ್ತು ಸಲ ಅದು ಸರಿ.

ಗೆಲ್ಲುವವರು ಯಾರು ಎಂದು ಮಾತ್ರ ಹೇಳುವುದಿಲ್ಲ. ಆಟಗಾರರ ಸಂಘ ಹಟ ಹಿಡಿದು ಹಾಕಿಸಿದ ಷರತ್ತು ಅದು. ಗೆದ್ದವರ ಹೆಸರನ್ನು ಯಂತ್ರ ಲೆಕ್ಕದ ಒಳಗೇ ಅಳಿಸಿಬಿಡುತ್ತದೆ, ಹೊರಗೆ ಬರುವುದು ಬರಿ ಉದ್ದ. ಆದರೂ ಸಣ್ಣ ಸಂಖ್ಯೆ ಬಂದರೆ ಸಾಕು, ಕೆಳಗಿನ ರ‍್ಯಾಂಕಿನವಳನ್ನು ಇಡೀ ಊರು ಅಯ್ಯೋ ಪಾಪ ಎಂದು ನೋಡುತ್ತಿತ್ತು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಕೆಳಗಿನ ರ‍್ಯಾಂಕಿನವಳು ಸಾಮಾನ್ಯವಾಗಿ ನಾನೇ.

ನನ್ನ ಹೆಸರು ನೀಲಾಂಬಿಕಾ ಮುಳಗುಂದ. ಎಡಗೈ ಆಟ. ಮೊಣಕಾಲು ಹರಿದುಕೊಂಡು ವರ್ಷದ ಮೇಲೆ ಮನೆಯಲ್ಲಿ ಬಿದ್ದಿದ್ದೆ. ಹಾಗೆ ಬಿದ್ದು ಎದ್ದವರಿಗೆ ಅವರ ಹಳೆಯ ರ‍್ಯಾಂಕಿನ ಮೇಲೆ ಕೆಲವೇ ಟೂರ್ನಮೆಂಟುಗಳಿಗೆ ಪ್ರವೇಶ ಕೊಡುತ್ತಾರೆ. ನನ್ನ ಪಾಲಿಗೆ ಬಂದವುಗಳಲ್ಲಿ ಕೊನೆಯದು ನಮ್ಮೂರಿನದು. ಇಲ್ಲಿ ಮೊದಲ ಸುತ್ತು ಗೆದ್ದರೆ ಮುಂದಿನ ಬಾಗಿಲುಗಳು ತೆರೆದಿರುತ್ತವೆ. ಸೋತರೆ ಮುಗಿಯಿತು, ಬೆಳಗಾವಿಯ ಶಾಲೆಯೊಂದು ಮಕ್ಕಳಿಗೆ ಆಟ ಕಲಿಸಲು ನನಗಾಗಿ ಜಾಗ ಇಟ್ಟುಕೊಂಡು ಕಾಯುತ್ತಿತ್ತು. ಒಳ್ಳೆಯ ಕೆಲಸವೇ. ಆದರೆ ನನಗೆ ಕಲಿಸಬೇಕಿರಲಿಲ್ಲ, ಆಡಬೇಕಿತ್ತು. ಎದುರಾಳಿ ಸ್ಲೊವೇನಿಯಾದ ಮಿಲೆನಾ, ಎರಡನೇ ಸೀಡ್, ಅಂದರೆ ಟೂರ್ನಮೆಂಟಿನ ಬಲಾಢ್ಯರಲ್ಲಿ ಎರಡನೆಯವಳು, ನನಗಿಂತ ಒಂದು ಗೇಣು ಎತ್ತರ, ಸಿಡಿಲಿನಂಥ ಸರ್ವ್.

ಇನ್ನು ನನ್ನ ಅಕ್ಕ ದಾಕ್ಷಾಯಿಣಿ. ಸಂಖ್ಯಾಶಾಸ್ತ್ರ ಓದಿ, ಪಂಚಾಂಗದ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಕಳ್ಳರು ಒಳನುಗ್ಗಬಾರದೆಂದು ಯಂತ್ರವನ್ನು ಯಾವ ತಂತಿಗೂ ಜೋಡಿಸಿರಲಿಲ್ಲ. ಅದು ತೋರಿಸಿದ ಸಂಖ್ಯೆಯನ್ನು ಒಬ್ಬರು ಕಣ್ಣಿಂದ ನೋಡಿ, ಆಟಗಾರರು ಕೋರ್ಟಿಗೆ ಇಳಿಯುವ ಹೊತ್ತಿಗೆ ಕೈಯಿಂದ ಫಲಕಕ್ಕೆ ಒತ್ತಬೇಕು. ಆ ವಾರ ಆ ಕಣ್ಣು, ಆ ಕೈ ಎರಡೂ ಅಕ್ಕನದೇ. ತಂಗಿಯ ಮ್ಯಾಚ್ ನನಗೆ ಬೇಡ ಎಂದು ಆಕೆ ಮೇಲಿನವರಿಗೆ ಹೇಳಿದ್ದಳು. ಆದರೆ ಆ ಕೆಲಸದ ಇನ್ನೊಬ್ಬ ತನ್ನದೇ ಮದುವೆಗೆಂದು ಗದಗಿಗೆ ಹೋಗಿದ್ದ.

*

ನಮ್ಮ ಮನೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ನನ್ನ ಮ್ಯಾಚಿನ ದಿನ ಅಕ್ಕನೂ ನಾನೂ ಬೆನ್ನಿಗೆ ಬೆನ್ನು ಹಚ್ಚಿ ಕೂತು ಉಣ್ಣುತ್ತಿದ್ದೆವು. ಫಲಕಕ್ಕೆ ಒತ್ತುವವರು ಯಾರೇ ಇದ್ದರೂ ಸಂಖ್ಯೆ ಅಕ್ಕನಿಗೆ ಗೊತ್ತಿರುತ್ತಿತ್ತು. ಬಾಯಿಬಿಟ್ಟು ಹೇಳುವವಳಲ್ಲ, ಆದರೆ ಅವಳ ಮುಖ ಹೇಳಿಬಿಡುತ್ತಿತ್ತು. ದೊಡ್ಡ ಸಂಖ್ಯೆಯಾದರೆ ನಿಧಾನವಾಗಿ ಮುರಿದು ಮುರಿದು ಉಣ್ಣುವಳು. ಸಣ್ಣದಾದರೆ ಅನ್ನಕ್ಕೆ ಮಜ್ಜಿಗೆ ಸುರಿದು ಗಟಗಟ ಕುಡಿದು ಏಳುವಳು. ಎರಡು ವರ್ಷದಿಂದ ಮ್ಯಾಚಿನ ದಿನ ನಾನು ಅವಳ ಮುಖ ನೋಡಿರಲಿಲ್ಲ. ನಿಯಮದ ಪ್ರಕಾರ ಅವಳು ಆ ಹೊತ್ತಿನಲ್ಲಿ ಮನೆಗೇ ಬರುವ ಹಾಗಿರಲಿಲ್ಲ, ಆದರೆ ಧಾರವಾಡದಲ್ಲಿ ಮಧ್ಯಾಹ್ನದ ಊಟವನ್ನು ತಡೆಯುವ ನಿಯಮವನ್ನು ಇನ್ನೂ ಯಾರೂ ಬರೆದಿಲ್ಲ.

ಅವ್ವ ಮಾತ್ರ ಇಬ್ಬರನ್ನೂ ನೋಡುವ ಕಡೆ ನಿಂತಿರುತ್ತಿದ್ದಳು. ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರ್ ಆಗಿದ್ದು ನಿವೃತ್ತಳಾದವಳು. ಕೊರಳಲ್ಲಿ ಸೀಟಿ ಇಲ್ಲದಿದ್ದರೂ ಮಾತಿನಲ್ಲಿ ಇತ್ತು. ನನ್ನ ಮ್ಯಾಚ್ ನೋಡಲು ಬರುತ್ತಿರಲಿಲ್ಲ. ಬಂದರೆ ಅಂಪೈರನ್ನೇ ಕೆಳಗಿಳಿಸುತ್ತಾಳೆ ಎಂದು ನಾವೇ ಕೈಮುಗಿದು ಮನೆಯಲ್ಲಿ ಬಿಟ್ಟಿದ್ದೆವು.

"ಇನ್ನೊಂದು ರೊಟ್ಟಿ ಹಾಕಲೇನು ದಾಕ್ಷಾಯಿಣಿ?" ಅವ್ವ ಕೇಳಿದಳು.

"ಬ್ಯಾಡವ್ವಾ."

"ಬದನಿಕಾಯಿ ಎಣ್ಣಿಗಾಯಿ ಮಾಡೀನಿ. ನಿನಗಂತನ ಮಾಡಿದ್ದು."

"ಬ್ಯಾಡಂದ್ನಲ್ಲ. ಮಜ್ಜಿಗಿ ಕೊಡು, ಸಾಕು."

ನಾನು ಗೋಡೆಯ ಕಡೆ ಮುಖ ಮಾಡಿ ಕೂತಿದ್ದೆ. ಮಜ್ಜಿಗೆ ಸುರಿಯುವ ಸಪ್ಪಳ ಕಿವಿಗೆ ಬಿತ್ತು. ಕಣ್ಣನ್ನು ತಿರುಗಿಸಬಹುದು, ಕಿವಿಯನ್ನು ಎಲ್ಲಿಗೆ ತಿರುಗಿಸುವುದು? ಬಲಗಾಲು ತನ್ನಷ್ಟಕ್ಕೆ ತಾನೇ ಕುಣಿಯತೊಡಗಿತು.

"ಕಾಲು ಅಳ್ಳಾಡಸಬ್ಯಾಡ ನೀಲಾ, ದರಿದ್ರ ಹತ್ತತೈತಿ," ಅಂದಳು ಅವ್ವ. ಆದರೆ ದನಿಯಲ್ಲಿ ಸಿಟ್ಟಿರಲಿಲ್ಲ. ಯಾಕೋ ಖುಷಿ ಇದ್ದಂತಿತ್ತು. ಅಕ್ಕ ಕೈತೊಳೆದು, ನನ್ನ ಹೆಗಲನ್ನು ಒಂದು ಸಲ ಮುಟ್ಟಿ ಹೋದಳು.

ನಾನು ಬೂಟಿನ ಲೇಸು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದಾಗ ಅವ್ವ ಒಳಗಿನಿಂದ ಕೂಗಿದಳು. "ಮ್ಯಾಲಿಂದ ಬೆಲ್ಲದ ಡಬ್ಬಿ ತಗದು ಕೊಟ್ಟು ಹೋಗು. ನನಗ ನಿಲುಕಂಗಿಲ್ಲ."

ತೆಗೆದು ಕೊಟ್ಟೆ. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ಯಾಕೆ ಎಂದು ಕೇಳುವ ಸ್ತಿಮಿತ ನನಗಿರಲಿಲ್ಲ.

*

ಕಂಟ್ರೋಲ್ ರೂಮಿನಲ್ಲಿ ನಡೆದದ್ದನ್ನು ನಾನು ಕಂಡಿಲ್ಲ, ಅಕ್ಕ ಆಮೇಲೆ ಹೇಳಿದ್ದು.

ಅಲ್ಲಿನ ಮುಖ್ಯಸ್ಥರು ಕಾಮತ್ ಅಂತ, ಬೆಂಗಳೂರಿನವರು. ಒಂದು ತಿಂಗಳಿಂದ ಅಕ್ಕ ಅವರ ತಲೆ ತಿನ್ನುತ್ತಿದ್ದಳು. ಬೇರೊಂದು ಊರಿನ ಟೂರ್ನಮೆಂಟಿನಲ್ಲಿ ಫಲಕ ಕೆಟ್ಟು ಸಂಖ್ಯೆ ಯಾರಿಗೂ ಕಾಣಿಸಿರಲಿಲ್ಲ. ಯಂತ್ರ ಹದಿನೈದು ಅಂದಿತ್ತು. ಮ್ಯಾಚು ಇಪ್ಪತ್ತೊಂಬತ್ತಕ್ಕೆ ಹೋಯಿತು. ಎಲ್ಲರೂ ಅದನ್ನು ಹತ್ತರಲ್ಲಿ ಒಂದು ಎಂದು ಮರೆತರು. ಅಕ್ಕ ಮರೆಯಲಿಲ್ಲ.

"ಸರ್, ನಾವು ಸಂಖ್ಯೆ ತೋರಸ್ತೀವಿ, ಎಲ್ಲಾರೂ ಅದರಂಗ ನಡಕೋತಾರ," ಅಂದಿದ್ದಳು. "ಸಣ್ಣ ಸಂಖ್ಯೆ ಬಂದ ಕೋರ್ಟಿಗೆ ಫಿಸಿಯೋ ಹೋಗಂಗಿಲ್ಲ, ಉದ್ದ ಮ್ಯಾಚಿನ ಕಡೆ ಹೋಗ್ತಾರ. ಎರಡನೇ ಸಲದ ಹೊಸ ಚೆಂಡು ತಂದು ಇಡಂಗಿಲ್ಲ. ಜನಾ ಇರಂಗಿಲ್ಲ. ಸಣ್ಣ ರ‍್ಯಾಂಕಿನಾಕಿ ಅರ್ಧ ಸೋತಽ ಒಳಗ ಬರ್ತಾಳ. ಯಂತ್ರ ಮ್ಯಾಚನ್ನ ಅಳೆಯಾಕತ್ತಿಲ್ಲ ಸರ್, ನಮ್ಮನ್ನ ಅಳೆಯಾಕತ್ತೈತಿ."

"ಮೇಡಂ, ಮಳೆ ಬರುತ್ತೆ ಅಂತ ಹೇಳಿದ್ರೆ ಜನ ಛತ್ರಿ ತರ್ತಾರೆ," ಅಂದರು ಕಾಮತ್. "ಛತ್ರಿ ತಂದಿದ್ದಕ್ಕೆ ಮಳೆ ಬರೋದಿಲ್ಲ."

"ಇಲ್ಲೆ ಬರಾಕತ್ತೈತಿ, ಸರ್."

ಕಾಮತ್ ನಕ್ಕರು. ಸರಿಯಾಗಿ ಹೇಳುವ ಯಂತ್ರ ಯಾಕೆ ಸರಿಯಾಗಿ ಹೇಳುತ್ತದೆ ಎಂದು ಕೇಳುವ ಉಸಾಬರಿ ಅವರಿಗೆ ಬೇಕಿರಲಿಲ್ಲ. ಯಾರಿಗೆ ಬೇಕಿತ್ತು?

ಅವತ್ತು ಬೆಳಗಿನ ಅಭ್ಯಾಸ ಮುಗಿದ ಮೇಲೆ ಯಂತ್ರ ತೋರಿಸಿದ ಸಂಖ್ಯೆ ಹದಿನಾಲ್ಕು.

ಹದಿನಾಲ್ಕು ಅಂದರೆ ಆರು-ಒಂದು, ಆರು-ಒಂದು. ಅಥವಾ ಆರು-ಎರಡು, ಆರು-ಸೊನ್ನೆ. ಹೊಡೆದು ಹಾಕುವುದು ಅಂತಾರಲ್ಲ, ಅದು. ಅಕ್ಕ ಆ ಸಂಖ್ಯೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಮನೆಗೆ ಬಂದಳು, ಮಜ್ಜಿಗೆ ಕುಡಿದಳು, ಹಿಂದಿರುಗಿದಳು. ನನ್ನ ಕೊನೆಯ ಮ್ಯಾಚಿನ ಮುಂದೆ ಆ ಹದಿನಾಲ್ಕು ಉರಿಯುವುದು, ಜನ ಎದ್ದು ಹೋಗುವುದು, ಮೈಕೈ ನೋವು ನೋಡುವ ಫಿಸಿಯೋ ಚೀಲ ಎತ್ತಿಕೊಂಡು ಬೇರೆ ಕೋರ್ಟಿಗೆ ನಡೆಯುವುದು, ನಾನು ಫಲಕ ನೋಡಿ ತಲೆ ತಗ್ಗಿಸುವುದು, ಎಲ್ಲವೂ ಅವಳ ಕಣ್ಣಿಗೆ ಕಟ್ಟಿತ್ತು. ಸಂಖ್ಯೆಯೇ ಮ್ಯಾಚನ್ನು ಮಾಡುವುದಾದರೆ, ದೊಡ್ಡ ಸಂಖ್ಯೆ ತಂಗಿಗೆ ಒಂದು ಅವಕಾಶವನ್ನಾದರೂ ಮಾಡಿಕೊಡಲಿ ಅಂದುಕೊಂಡಳು. ನಾವು ಕೋರ್ಟಿಗೆ ಇಳಿಯುವಾಗ ಕಾಮತ್ ಟಿವಿಯವರ ಫೋನಿನಲ್ಲಿದ್ದರು. ಅಕ್ಕ ಮೂರು ಒತ್ತಿದಳು, ಆರು ಒತ್ತಿದಳು.

*

ಫಲಕದಲ್ಲಿ ಮೂವತ್ತಾರು ಕಂಡಾಗ ನನಗೆ ಮೊದಲು ಬಂದದ್ದು ನಗು. ಆಮೇಲೆ ಹೆದರಿಕೆ.

ಹಾಯ್ದು ಹೋಗುತ್ತಿದ್ದವರು ನಿಂತರು. ನಿಂತವರು ಮೆಟ್ಟಿಲು ಹತ್ತಿ ಕೂತರು. ಫಿಸಿಯೋ ಚೀಲ ಹಿಡಿದು ನಮ್ಮ ಕೋರ್ಟಿನ ಮೂಲೆಯ ಕುರ್ಚಿಗೆ ಬಂದಳು. ಎರಡನೇ ಸೀಡಿನ ಎದುರು ಮೂವತ್ತಾರು ಗೇಮ್ ಆಡಬಲ್ಲೆ ಎಂದು ಯಂತ್ರವೇ ಹೇಳಿದೆ ಅಂದರೆ ನಾನು ಇನ್ನೂ ಆಟಗಾರ್ತಿ. ಆದರೆ ಮೂವತ್ತಾರು ಗೇಮ್, ಈ ಮೊಣಕಾಲಿನ ಮೇಲೆ. ನಾನು ಆ ಕ್ಷಣವೇ ಲೆಕ್ಕ ಹಾಕಿಕೊಂಡೆ: ಸಿಗದ ಚೆಂಡಿಗೆ ಓಡಬಾರದು, ಕಾಲನ್ನು ಮೂರನೇ ಸೆಟ್ಟಿಗೆ ಉಳಿಸಿಡಬೇಕು. ಮನೆಯಲ್ಲಿ ನಾಳೆಗೆಂದು ಎತ್ತಿಡುತ್ತಾರಲ್ಲ, ಹಾಗೆ.

ಆಟ ಶುರುವಾದಾಗ ನನಗೇ ಆಶ್ಚರ್ಯವಾಯಿತು. ಮಿಲೆನಾಳ ಸಿಡಿಲು ಆ ದಿನ ಸಿಡಿಯುತ್ತಿರಲಿಲ್ಲ. ಅವಳ ಭುಜ ಹಿಡಿದುಕೊಂಡಿತ್ತು ಎಂದು ಆಮೇಲೆ ತಿಳಿಯಿತು; ಬೆಳಗಿನ ಅಭ್ಯಾಸದಲ್ಲಿ ಅದು ಅವಳಿಗೇ ಗೊತ್ತಾಗಿರಲಿಲ್ಲ, ಎದೆಯ ಮೇಲಿನ ಪಟ್ಟಿಗೆ ಗೊತ್ತಾಗಿತ್ತು. ನನ್ನ ಎಡಗೈ ಚೆಂಡು ಅವಳ ಬ್ಯಾಕ್‌ಹ್ಯಾಂಡಿಗೆ ಹೋಗಿ ಹೋಗಿ ಬೀಳುತ್ತಿತ್ತು. ಮೊದಲ ಸೆಟ್ ಆರು-ಒಂದು, ನನ್ನ ಕಡೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಏಳು ಗೇಮ್ ಆಗಿತ್ತು. ಇನ್ನೆರಡು ಸೆಟ್ ಎಷ್ಟೇ ಎಳೆದರೂ ಹದಿಮೂರು, ಹದಿಮೂರು. ಒಟ್ಟು ಮೂವತ್ತಮೂರು. ಮೂವತ್ತಾರು ಆಗುವುದು ಶಕ್ಯವೇ ಇರಲಿಲ್ಲ. ಎರಡನೇ ಇಯತ್ತೆಯ ಕೂಡಿಸುವ ಲೆಕ್ಕ ಇದು. ಅಷ್ಟು ಜನ ಕೂತಿದ್ದರು, ಅಂಪೈರ್ ಇದ್ದ, ಟಿವಿಯಲ್ಲಿ ಬಾಯಿ ಮುಚ್ಚದೆ ಮಾತಾಡುವವರಿದ್ದರು, ನಾನಿದ್ದೆ. ಒಬ್ಬರೂ ಕೂಡಿಸಲಿಲ್ಲ. ಪಂಚಾಂಗ ಬಂದ ಮೇಲೆ ನಾವು ಎಣಿಸುವುದನ್ನೇ ಬಿಟ್ಟಿದ್ದೆವು. ಇನ್ನೆಷ್ಟು ಉಳಿದಿದೆ ಎಂದು ಫಲಕವೇ ತೋರಿಸುತ್ತಿತ್ತು. ಈಗ ಇಪ್ಪತ್ತೊಂಬತ್ತು ಎಂದು ತೋರಿಸುತ್ತಿತ್ತು, ನಾವು ನಂಬಿದ್ದೆವು.

ಎರಡನೇ ಸೆಟ್ಟಿನಲ್ಲಿ ಎರಡು-ಒಂದು. ಮೂರು-ಒಂದು. ನಾಲ್ಕು-ಒಂದು. ನನಗೆ ಖುಷಿಯಾಗುವ ಬದಲು ಕಳವಳ ಹೆಚ್ಚುತ್ತಿತ್ತು. ಇನ್ನೂ ಅಷ್ಟು ಗೇಮ್ ಇದೆ ಅಂದರೆ ಇವಳು ತಿರುಗಿ ಬರಲೇಬೇಕು, ಯಾವಾಗ ಬರುತ್ತಾಳೆ? ಪ್ರತಿ ಪಾಯಿಂಟ್ ಗೆದ್ದಾಗಲೂ ಅವಳ ಮುಖ ನೋಡುತ್ತಿದ್ದೆ. ಕುರ್ಚಿಯಲ್ಲಿ ಕೂತಾಗ ಕಾಲು ಕುಣಿಯುತ್ತಿತ್ತು, ದರಿದ್ರವೋ ಏನೋ. ಐದು-ಒಂದು.

*

ಆ ಹೊತ್ತಿಗೆ ಅಕ್ಕ ಪರದೆಯ ಮುಂದೆ ಎದ್ದು ನಿಂತಿದ್ದಳು.

ಮೊದಲ ಸೆಟ್ ನಾನು ಗೆದ್ದಾಗ ಅವಳು ಬೀಗಿದ್ದಳಂತೆ. ನೋಡಿ, ದೊಡ್ಡ ಸಂಖ್ಯೆ ಹುಡುಗಿಗೆ ಎಂಥಾ ಧೈರ್ಯ ಕೊಟ್ಟಿತು, ನನ್ನ ಮಾತೇ ಖರೆ ಆಯಿತು ಅಂತ. ಐದು-ಒಂದು ಆದಾಗ ಸುಮ್ಮನೆ ಕೂಡಿಸಿ ನೋಡಿದಳು. ಏಳು ಮತ್ತು ಆರು, ಹದಿಮೂರು. ಇನ್ನೊಂದು ಗೇಮ್ ನೀಲಾ ಗೆದ್ದರೆ ಮ್ಯಾಚ್ ಮುಗಿಯುತ್ತದೆ. ಹದಿನಾಲ್ಕಕ್ಕೆ.

ಅಕ್ಕನ ಕೈ ಫಲಕದ ಗುಂಡಿಗಳ ಕಡೆ ಹೋಯಿತು.

ಫಲಕವನ್ನು ಬದಲಿಸಬಹುದಿತ್ತು. ಆದರೆ ಕಾಮತ್ ಪಕ್ಕದಲ್ಲೇ ಇದ್ದರು, ಮತ್ತು ಒಮ್ಮೆ ಹೊತ್ತಿಸಿದ ಸಂಖ್ಯೆ ತೆಗೆಯಲು ಇಬ್ಬರ ಬೆರಳಚ್ಚು ಬೇಕಿತ್ತು. ಅಕ್ಕ ಓಡಿದಳು. ಮೆಟ್ಟಿಲಿಳಿದು, ಪಾರ್ಕಿಂಗ್ ದಾಟಿ, ಭಜಿಯವನ ಬಂಡಿ ದಾಟಿ, ನಮ್ಮ ಕೋರ್ಟಿನ ಗೇಟಿಗೆ ಬಂದಳು. ಗೇಟಿನಲ್ಲಿ ಕಾವಲಿನ ಮೌಲಾಸಾಬ ಇದ್ದ. ಹಗ್ಗ ಅಡ್ಡ ಕಟ್ಟಿದ್ದ.

"ಬಿಡೋ ಮೌಲಾಸಾಬ, ಅರ್ಜೆಂಟ್ ಐತಿ."

"ಆಟ ನಡದೈತ್ರೀ ಅಕ್ಕಾರ. ಆಟಗಾರರು ಸೈಡ್ ಬದಲಿ ಮಾಡೂತನಕ ಯಾರನ್ನೂ ಒಳಗ ಬಿಡಂಗಿಲ್ಲ. ನಿಮಗ ಗೊತ್ತಿದ್ದದ್ದಽ ಐತಲ್ರೀ."

ಗೊತ್ತಿದ್ದದ್ದೇ. ಪ್ರತಿ ಸೆಟ್ಟಿನಲ್ಲಿ ಒಂದು, ಮೂರು, ಐದು, ಏಳು ಎಂದು ಬೆಸ ಗೇಮ್ ಮುಗಿದಾಗ ಮಾತ್ರ ನಾವು ಬದಿ ಬದಲಿಸುತ್ತೇವೆ, ಆಗ ಮಾತ್ರ ಜನರನ್ನು ಒಳಗೆ ಬಿಡುತ್ತಾರೆ. ಐದು-ಒಂದು ಅಂದರೆ ಆರು ಗೇಮ್. ಈ ಗೇಮ್ ಮುಗಿಯುವವರೆಗೆ ಹಗ್ಗ ಬಿಚ್ಚುವ ಹಾಗಿಲ್ಲ.

"ಒಂದಽ ಮಾತು ಹೇಳಬೇಕೋ ಆಕಿಗೆ."

"ಸುಮ್ಮ ನಿಂದರ್ರೀ. ತಂಗ್ಯಾರ ಸರ್ವಿಸ್ ಐತಿ, ಗದ್ದಲಾದ್ರ ಅವರಿಗೇ ಕಷ್ಟ."

ನನ್ನ ಸಲುವಾಗಿಯೇ ಅವನು ಅಕ್ಕನನ್ನು ತಡೆದು ನಿಲ್ಲಿಸಿದ್ದ. ಅಕ್ಕ ಹಗ್ಗ ಹಿಡಿದು ನಿಂತಳು.

ಒಳಗೆ ನಲವತ್ತು-ಮೂವತ್ತು. ಮ್ಯಾಚ್ ಪಾಯಿಂಟ್, ಇದೊಂದು ಗೆದ್ದರೆ ಆಟ ಮುಗಿಯಿತು. ನನ್ನ ಸರ್ವ್, ಅವಳ ರಿಟರ್ನ್, ಮತ್ತೆ ನನ್ನದು, ಮತ್ತೆ ಅವಳದು. ಚೆಂಡು ಹೋಗಿ ಬಂದು ಹೋಗಿ ಬಂದು, ಕೊನೆಗೆ ಮಿಲೆನಾ ಭುಜ ನೋವಿಗೆ ಬೇಸತ್ತು ಚೆಂಡನ್ನು ಹೊಡೆಯದೆ, ನೆಟ್ಟಿನ ಈಚೆ ಮೆಲ್ಲಗೆ ಬೀಳಿಸಿದಳು. ಡ್ರಾಪ್ ಶಾಟ್. ಅದು ಎತ್ತರ ಪುಟಿಯಿತು, ಓಡಿದ್ದರೆ ಸಿಗುತ್ತಿತ್ತು. ನನ್ನ ಮೈ ಮುಂದಕ್ಕೆ ಬಾಗಿತ್ತು ಕೂಡ. ಆಗ ತಲೆ ಹೇಳಿತು: ಇದು ಮುಗಿಯುವ ಗೇಮ್ ಅಲ್ಲ, ಇನ್ನೂ ಇಪ್ಪತ್ತಮೂರು ಇವೆ, ಕಾಲು ಉಳಿಸು. ನಾನು ನಿಂತೆ. ಚೆಂಡು ಎರಡನೇ ಸಲ ನೆಲ ಮುಟ್ಟುವುದನ್ನು ನೋಡುತ್ತ ನಿಂತೆ.

ಮುಂದಿನ ಎರಡು ಪಾಯಿಂಟೂ ಅವಳಿಗೇ, ಆ ಗೇಮ್ ಹೋಯಿತು. ಐದು-ಎರಡು. ಹಗ್ಗ ಬಿಚ್ಚಿದರು.

ನಾನು ಕುರ್ಚಿಯಲ್ಲಿ ಕೂತು ಟವೆಲ್ ತೆಗೆದುಕೊಂಡಾಗ ಎರಡು ಸಂಗತಿ ಒಟ್ಟಿಗೇ ಕಂಡವು. ಫಿಸಿಯೋ ಮಿಲೆನಾಳ ಭುಜ ನೀವುತ್ತಿದ್ದಳು. ಹದಿನಾಲ್ಕು ಉರಿದಿದ್ದರೆ ಅವಳು ಅಲ್ಲಿ ಇರುತ್ತಲೇ ಇರಲಿಲ್ಲ, ದೊಡ್ಡ ಸಂಖ್ಯೆ ಒತ್ತಿ ಅಕ್ಕ ಅವಳನ್ನು ನನಗೆಂದು ಕರೆಸಿದಂತಾಗಿತ್ತು. ಇನ್ನೊಂದು, ಗೇಟಿನ ಹತ್ತಿರದ ಮೆಟ್ಟಿಲಲ್ಲಿ ಅಕ್ಕ. ಕಂಟ್ರೋಲ್ ರೂಮ್ ಬಿಟ್ಟು ಅವಳು ಎಂದೂ ಬಂದವಳಲ್ಲ. ಎರಡು ವರ್ಷದಲ್ಲಿ ಮೊದಲ ಬಾರಿ ಮ್ಯಾಚಿನ ದಿನ ಅವಳ ಮುಖ ಕಂಡೆ. ಸತ್ತವರ ಮನೆಗೆ ಬಂದವರ ಮುಖ. ಕೈ ಮಾಡಿ ಏನೋ ತೋರಿಸುತ್ತಿದ್ದಳು, ನಾಲ್ಕು ಬೆರಳೋ ಎಷ್ಟೋ. ನನಗೆ ಅರ್ಥವಾದದ್ದು ಒಂದೇ. ಸಂಖ್ಯೆಗಿಂತ ಹೆಚ್ಚಿನದೇನೋ ಇವಳಿಗೆ ತಿಳಿದಿದೆ, ನಾನು ಸೋಲುತ್ತೇನೆ, ಅದಕ್ಕೇ ಬಂದಿದ್ದಾಳೆ.

ಆಮೇಲೆ ಕೇಳಬೇಡಿ. ಮಿಲೆನಾಳ ಭುಜ ಸಡಿಲವಾಯಿತು. ಮ್ಯಾಚಿನಲ್ಲಿ ಮೊದಲು ಏಳು ಗೇಮಿಗೆ, ಆಮೇಲೆ ಒಂಬತ್ತೊಂಬತ್ತಕ್ಕೆ ಚೆಂಡು ಬದಲಿಸುತ್ತಾರೆ. ಹದಿನಾರಾಗುತ್ತಲೇ ಹೊಸ ಚೆಂಡಿನ ಡಬ್ಬಿ ಸಿದ್ಧವಾಗಿತ್ತು, ಹೊಸ ಚೆಂಡು ಅವಳ ರ‍್ಯಾಕೆಟ್ಟಿನಿಂದ ಗುಂಡಿನಂತೆ ಬರುತ್ತಿತ್ತು. ಜನ ಈಗ ಬಂತು ನೋಡು ಪಂಚಾಂಗದ ಆಟ ಎಂದು ಚಪ್ಪಾಳೆ ತಟ್ಟಿದರು. ಐದು-ಮೂರು, ಐದು-ನಾಲ್ಕು, ಐದು-ಐದು. ಸೆಟ್ಟು ಐದು-ಏಳಕ್ಕೆ ಅವಳದಾಯಿತು. ಅಕ್ಕ ಹೇಳಿದ್ದು ನಿಜವೇ ಇತ್ತು, ಸಂಖ್ಯೆ ತೋರಿಸಿದರೆ ಇಡೀ ಅಂಗಳ ಅದರಂತೆ ನಡೆಯುತ್ತದೆ. ನಾನೂ ಆ ಅಂಗಳದಲ್ಲೇ ಇದ್ದೆ.

ಮೂರನೇ ಸೆಟ್, ಮೂರು-ನಾಲ್ಕು. ಮೊಣಕಾಲು ಬಾತು ಪಟ್ಟಿಯಿಂದ ಹೊರಗೆ ಉಬ್ಬಿತ್ತು. ಇನ್ನೆಷ್ಟು ತಡೆದುಕೊಳ್ಳಬೇಕು ಎಂದು ಫಲಕ ನೋಡಿದೆ. ಹತ್ತು. ಹತ್ತು ಗೇಮ್ ಎಲ್ಲಿಂದ ಬರುತ್ತದೆ? ಬೆರಳು ಮಡಚಿದೆ. ನಾಲ್ಕು-ನಾಲ್ಕು, ಐದು-ನಾಲ್ಕು, ಐದು-ಐದು, ಆರು-ಐದು, ಆರು-ಆರು, ಟೈಬ್ರೇಕ್. ಆರೇ. ಇನ್ನೊಮ್ಮೆ ಮಡಚಿದೆ, ಆರೇ. ಯಂತ್ರಕ್ಕೆ ಕೂಡಿಸಲು ಬರುವುದಿಲ್ಲವೇ? ಯಂತ್ರಕ್ಕೆ ಬರುತ್ತದೆ. ಮನುಷ್ಯರ ಕೈ ತಪ್ಪುತ್ತದೆ. ನಾನು ತಲೆಯೆತ್ತಿ ಅಕ್ಕನನ್ನು ನೋಡಿದೆ. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಆಗ ನನಗೆ ಆದದ್ದನ್ನು ಹೇಗೆ ಹೇಳಲಿ? ಕಾಲು ಕುಣಿಯುವುದು ನಿಂತಿತು. ಎರಡು ವರ್ಷದಲ್ಲಿ ಮೊದಲ ಸಲ ನನ್ನ ತಲೆಯ ಮೇಲೆ ಸಂಖ್ಯೆ ಇರಲಿಲ್ಲ. ಉಳಿಸಿಡಬೇಕಾದದ್ದು ಏನೂ ಇರಲಿಲ್ಲ. ಸಿಕ್ಕ ಚೆಂಡಿಗೂ ಓಡಿದೆ, ಸಿಗದ ಚೆಂಡಿಗೂ ಓಡಿದೆ. ನಾಲ್ಕು-ನಾಲ್ಕು ಮಾಡಿದೆ, ಆರು-ಆರು ಮಾಡಿದೆ. ಟೈಬ್ರೇಕಿನಲ್ಲೂ ಸಮಸಮ ಬಂದೆವು, ಕೊನೆಗೆ ಅವಳಿಗೆ ಒಂದು ಮ್ಯಾಚ್ ಪಾಯಿಂಟ್ ಬಂತು. ಮತ್ತೆ ಅದೇ ಡ್ರಾಪ್ ಶಾಟ್. ಈ ಸಲ ಓಡಿದೆ. ಮುಟ್ಟಿದೆ ಕೂಡ. ಆದರೆ ಮೊಣಕಾಲು ನನ್ನ ಜೊತೆ ಬರಲಿಲ್ಲ, ಚೆಂಡು ನೆಟ್ಟಿಗೆ ಬಡಿದು ನನ್ನ ಕಡೆಯೇ ಉರುಳಿತು.

ಮೂವತ್ತೆರಡು ಗೇಮಿಗೆ ಮುಗಿಯಿತು. ಫಲಕ ಇನ್ನೂ ನಾಲ್ಕು ಉಳಿದಿದೆ ಅನ್ನುತ್ತಿತ್ತು, ಜನ ಎದ್ದು ಹೋಗಲು ಹಿಂದೆಮುಂದೆ ನೋಡುತ್ತಿದ್ದರು.

*

ಅಕ್ಕ ಮನೆಗೆ ಬರುವಾಗ ಸಂಜೆ ಇಳಿದಿತ್ತು. ಕಾಮತ್ ಅವಳ ಗುರುತಿನ ಚೀಟಿ ತೆಗೆದುಕೊಂಡಿದ್ದರು. ನಾನು ನಡುಮನೆಯಲ್ಲಿ ಕಾಲಿನ ಮೇಲೆ ಐಸ್ ಇಟ್ಟುಕೊಂಡು ಕೂತಿದ್ದೆ. ಅವಳು ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು, ಕಂಟ್ರೋಲ್ ರೂಮು, ಹಗ್ಗ, ಮೌಲಾಸಾಬ. ಒಂದನ್ನು ಮಾತ್ರ ಬಿಟ್ಟಿದ್ದಳು.

"ಖರೆ ಸಂಖ್ಯೆ ಎಷ್ಟಿತ್ತು?" ಅಂದೆ.

"ಬ್ಯಾಡ ನೀಲಾ."

"ಎಷ್ಟಿತ್ತಕ್ಕಾ?"

"ಹದಿನಾಲ್ಕು."

ನಾನು ಎಣಿಸಿದೆ. ಈಗ ಎಣಿಸುವುದು ಮತ್ತೆ ರೂಢಿಯಾಗಿತ್ತು. ಆರು-ಒಂದು. ಐದು-ಒಂದು. ನಲವತ್ತು-ಮೂವತ್ತು. ಎತ್ತರಕ್ಕೆ ಪುಟಿದ ಆ ಚೆಂಡು.

"ಹದಿನಾಲ್ಕು ಅಂದ್ರ ಒಬ್ಬಾಕಿ ಹೊಡದು ಹಾಕಿ ಗೆಲ್ತಾಳಂತ," ಅಂದೆ. "ಯಾರು ಅಂತ ಯಂತ್ರ ಹೇಳಿರಲಿಲ್ಲ. ನಾನಽ ಅಂತ ನಿನಗ ಒಮ್ಮೆನೂ ಅನಸಲಿಲ್ಲೇನು?"

ಸಂಖ್ಯೆಗೆ ಹೆಸರಿಲ್ಲ ಎಂಬುದು ಈ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳು. ಕೋಪ ಬಂದಿತ್ತು ನನಗೆ, ಬಹಳ ಬಂದಿತ್ತು. ಸೋತದ್ದಕ್ಕಲ್ಲ. ನನ್ನ ಮೈ ಆ ದಿನ ಗೆಲ್ಲುವ ಮೈ ಎಂದು ಆ ತಗಡಿನ ಡಬ್ಬಿಗೆ ಗೊತ್ತಾಗಿತ್ತು, ನನ್ನ ಬೆನ್ನಿಗೆ ಬೆನ್ನು ಹಚ್ಚಿ ಉಣ್ಣುವವಳಿಗೆ ಗೊತ್ತಾಗಿರಲಿಲ್ಲ.

ಅವ್ವ ಒಳಗಿನಿಂದ ಎರಡು ತಾಟು ತಂದು ನಮ್ಮ ಮುಂದೆ ಇಟ್ಟಳು. ಹೂರಣದ ಹೋಳಿಗೆ. ಅಂಚು ಒಣಗಿ ಬಿರುಸಾಗಿತ್ತು, ಮೇಲಿನ ತುಪ್ಪ ಬಿಳಿಯಾಗಿ ಹೆಪ್ಪುಗಟ್ಟಿತ್ತು.

"ಯಾವಾಗ ಮಾಡಿದೆವ್ವಾ ಇದನ್ನ?" ಅಂದೆ.

"ಮಧ್ಯಾಹ್ನನಽ. ನೀ ಬೆಲ್ಲದ ಡಬ್ಬಿ ತಗದು ಕೊಟ್ಟ್ಯಲ್ಲ, ಆವಾಗ." ಅವ್ವ ಅಕ್ಕನ ಕಡೆ ನೋಡಲಿಲ್ಲ, ತಾಟು ಸರಿಮಾಡುತ್ತ ಹೇಳಿದಳು. "ಇಕಿ ಮಜ್ಜಿಗಿ ಗಟಾಗಟಾ ಕುಡದು ಎದ್ಲು, ಸಣ್ಣ ಆಟ ಅಂತ ತಿಳೀತು. ಲಗೂನ ಗೆದ್ದು ಬರ್ತಾಳ, ಹಸಿದಿರ್ತಾಳಂತ ಹೋಳಿಗಿ ಮಾಡಿದೆ."

ಆಮೇಲೆ ಅಕ್ಕ ತನ್ನ ತಾಟು ಎತ್ತಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂತಳು. ಮ್ಯಾಚ್ ಮುಗಿದಿತ್ತು, ಹಾಗೆ ಕೂರುವ ಅಗತ್ಯ ಇರಲಿಲ್ಲ. ನಾನು ಐಸ್ ಪಕ್ಕಕ್ಕಿಟ್ಟು, ಕುಂಟುತ್ತ ಹೋಗಿ, ನನ್ನ ಬೆನ್ನನ್ನು ಅವಳ ಬೆನ್ನಿಗೆ ಹಚ್ಚಿ ಕೂತೆ. ಅವಳು ಅಳುತ್ತಿರುವುದು ಬೆನ್ನಿಗೆ ತಿಳಿಯುತ್ತಿತ್ತು. ನಾನು ಹೋಳಿಗೆ ಮುರಿದು ತಿಂದೆ. ತಣ್ಣಗಾಗಿತ್ತು, ಆದರೂ ರುಚಿಯಾಗಿತ್ತು.